ಕಿಂಗಾಳ ಕುಲಾವಿ

ಪೋಲೆಂಡ್ ಎಂಬ ದೇಶದಲ್ಲಿ ನದಿ ದಡದ ಒಂದು ಹಳ್ಳಿ. ಅಲ್ಲಿ ದೊಬ್ರಾವಾ ಎಂಬ ಹುಡುಗಿ ಇದ್ದಳು. ಒಂದು ಮಂಗಳವಾರ ಅವಳು ಬಾತುಗಳಿಗೆ ಕಾಳು ಹಾಕುತ್ತಿದ್ದಳು. ಅಪ್ಪ ಬಂದು, ಗಿರಣಿಯ ಸೆವೆರಿನ್‌ಗೆ ಮಾತು ಕೊಟ್ಟೆ ಎಂದ.

"ಹೆಂಡತಿ ಸತ್ತವನು. ಆದರೇನು? ಆ ಮನೆಯಲ್ಲಿ ಹಿಟ್ಟಿಗೆ ಕೊರತೆ ಇಲ್ಲ ಮಗಳೇ."

"ನಾನು ಹಿಟ್ಟಿನ ಜೊತೆ ಸಂಸಾರ ಮಾಡಲೇ ಅಪ್ಪ?"

ಅಪ್ಪ ಕೇಳಲಿಲ್ಲ. ಮದುವೆಯ ದಿನ ಬಂತು.

ಆ ಸೀಮೆಯಲ್ಲಿ ಒಂದು ಪದ್ಧತಿ. ಮದುಮಗಳ ತಲೆಯ ಮೇಲೆ ಹಸಿರೆಲೆಯ ದಂಡೆ. ಮದುವೆ ಊಟ ಮುಗಿದ ಮೇಲೆ ಮುತ್ತೈದೆಯರು ಆ ದಂಡೆ ತೆಗೆದು, ಜಡೆ ಬಿಚ್ಚಿ, ಬಿಳಿ ಕುಲಾವಿ ತೊಡಿಸುತ್ತಾರೆ. ಕುಲಾವಿ ಕೂತರೆ ಹೆಂಡತಿ. ಮದುಮಗಳು ನಾಚಿಕೆಗೆ ಅದನ್ನು ಮೂರು ಸಲ ಕಿತ್ತೆಸೆಯಬೇಕು, ಎಲ್ಲರೂ ನಗಬೇಕು. ಅಲ್ಲಿಂದ ಮುಂದೆ ಅವಳು ಬರಿತಲೆಯಲ್ಲಿ ಹೊಸಿಲು ದಾಟುವುದಿಲ್ಲ. ಸತ್ತರೆ, ಅದೇ ಕುಲಾವಿಯಲ್ಲಿ ಮಣ್ಣು ಮಾಡುತ್ತಾರೆ.

ಕುಲಾವಿ ತರುವುದು ಗಂಡಿನ ಕೆಲಸ. ಸೆವೆರಿನ್ ತಂದಿದ್ದ. ಮುತ್ತೈದೆಯರಲ್ಲಿ ಒಬ್ಬಳಾದ ಯಾದ್ವಿಗಾ ಅದನ್ನು ಕೈಗೆತ್ತಿಕೊಂಡು ಅಂಚನ್ನೇ ನೋಡುತ್ತ ನಿಂತಳು. ಅವಳು ಸೆವೆರಿನ್‌ನ ಸತ್ತ ಹೆಂಡತಿ ಕಿಂಗಾಳ ಚಿಕ್ಕಮ್ಮ.

"ಏನಾಯ್ತು ಚಿಕ್ಕಮ್ಮ?" ಎಂದು ದೊಬ್ರಾವಾ ಮೆಲ್ಲಗೆ ಕೇಳಿದಳು.

"ಈ ಕಸೂತಿ ನನ್ನ ಕೈಯದು. ಇದು ನಮ್ಮ ಕಿಂಗಾಳದ್ದು."

ದೊಬ್ರಾವಾ ಸೆವೆರಿನ್ ಕಡೆ ತಿರುಗಿ ನೋಡಿದಳು. ಆದರೂ ಕುಲಾವಿ ತೊಡಿಸಿಕೊಂಡಳು. ಕಿತ್ತೆಸೆದಳು. ಎಲ್ಲರೂ ನಕ್ಕರು.

"ಇದನ್ನು ಎಲ್ಲಿಂದ ತಂದಿರಿ?"

"ಪೇಟೆಯಿಂದ," ಎಂದ ಸೆವೆರಿನ್.

ಎರಡನೇ ಸಲ ಎಸೆದಳು. "ಮೊದಲ ಹೆಂಡತಿಯನ್ನು ಪ್ರೀತಿಯಿಂದ ನೋಡಿಕೊಂಡಿರಾ?"

"ಕಣ್ಣಿನ ಹಾಗೆ ನೋಡಿಕೊಂಡೆ. ಜ್ವರ ಅಂಟೀತೆಂದು ಶವಪೆಟ್ಟಿಗೆ ಮುಚ್ಚಿದವನೂ ನಾನೇ."

ಮೂರನೇ ಸಲ ಎಸೆದಳು. "ಅವರ ಕುಲಾವಿ?"

"ನನ್ನ ಕೈಯಾರೆ ತೊಡಿಸಿಯೇ ಕಳಿಸಿದೆ. ನಿನಗೂ ಹಾಗೇ ಮಾಡುತ್ತೇನೆ, ಹೆದರಬೇಡ." ಗಂಡಸರು ಗೊಳ್ಳೆಂದರು.

ಯಾದ್ವಿಗಾ ಕುಲಾವಿಯನ್ನು ನೆಲದಿಂದ ಎತ್ತಿದಳು. ಅದರ ಒಳಮಗ್ಗುಲು ತಿರುಗಿಸಿ ಹಿಡಿದಳು. ಕಿಂಗಾಳ ಹೆಸರು ಕೆಂಪು ದಾರದಲ್ಲಿತ್ತು. ಸೆವೆರಿನ್ ಇಷ್ಟು ವರ್ಷದಲ್ಲಿ ಒಮ್ಮೆಯೂ ಅದರ ಒಳಗೆ ನೋಡಿರಲಿಲ್ಲ.

ಪಿಟೀಲು ನಿಂತಿತು. ಯಾರೋ ಲೋಟ ಕೆಳಗಿಡಲು ಹೋಗಿ, ಇಡದೆ ಹಾಗೇ ಹಿಡಿದುಕೊಂಡು ನಿಂತರು.

"ಮಣ್ಣಿನೊಳಗಿದ್ದದ್ದು ಇಲ್ಲಿಗೆ ಹೇಗೆ ಬಂತು ಅಳಿಯಂದಿರೇ?" ಎಂದಳು ಯಾದ್ವಿಗಾ. "ಗೋರಿ ಅಗೆದಿರೋ? ಇಲ್ಲ, ಅದರಲ್ಲಿ ಅವಳೇ ಇಲ್ಲವೋ?"

ಸೆವೆರಿನ್ ಬಾಗಿಲ ಕಡೆ ಸರಿದ. ಗಂಡಸರು ಅವನನ್ನು ಹಿಡಿದುಕೊಂಡರು.

ಊರವರು ಗೋರಿ ಅಗೆದರು. ಪೆಟ್ಟಿಗೆಯಲ್ಲಿ ಕಲ್ಲುಗಳಿದ್ದವು. ದೊಬ್ರಾವಾಳ ಅಪ್ಪ ಅಲ್ಲೇ ಕುಸಿದು ಕೂತ. ಮಿಕ್ಕವರು ಗಿರಣಿಗೆ ಓಡಿ ಅಟ್ಟದ ಬೀಗ ಒಡೆದರು. ಕಿಂಗಾ ಬದುಕಿದ್ದಳು. ಗಿರಣಿ ಅವಳ ತಂದೆಯದು. ಅದನ್ನು ಗಂಡನ ಹೆಸರಿಗೆ ಬರೆದುಕೊಡಲು ಒಪ್ಪದ್ದೇ ಅವಳ ತಪ್ಪು. ಕೊಲ್ಲಲು ಸೆವೆರಿನ್‌ಗೆ ಧೈರ್ಯ ಸಾಲದೆ, ಸತ್ತಳೆಂದು ಸಾರಿ ಕೂಡಿಹಾಕಿದ್ದ.

ಅವನನ್ನು ಅದೇ ಅಟ್ಟಕ್ಕೆ ನೂಕಿ, ರಾಜನ ಭಟರು ಬರುವ ತನಕ ಕಾವಲು ಕೂತರು. ದೊಬ್ರಾವಾ ತನ್ನ ಹಸಿರು ದಂಡೆಯನ್ನು ಮತ್ತೆ ಮುಡಿದುಕೊಂಡು ಮನೆಗೆ ಹೋದಳು.

ಮಕ್ಕಳೇ, ಹೆಂಡತಿಯನ್ನು ಮನುಷ್ಯಳೆಂದು ಎಣಿಸದವನಿಗೆ ಅವಳ ಕುಲಾವಿ ಬರೀ ಬಟ್ಟೆಯ ತುಂಡು. ಆ ತಾತ್ಸಾರವೇ ಅವನನ್ನು ಹಿಡಿದುಕೊಡುತ್ತದೆ.

ಕಿಂಗಾ ಏಣಿ ಇಳಿದು ಬಂದಾಗ ತಲೆಗೆ ಹಿಟ್ಟಿನ ಚೀಲದ ಹರಕೊಂದನ್ನು ಕಟ್ಟಿಕೊಂಡಿದ್ದಳು.