ಬಡಿಸುವ ಕೈ ಇಲ್ಲದ ಮನೆ

"ಕೇಳಿರಪ್ಪೋ ಕೇಳಿ! ದೊರೆಮಗಳು ಪದ್ಮಲೆಯ ಮೂರು ಒಗಟು ಬಿಡಿಸಿದವನಿಗೆ ಅವಳ ಕೈಹಿಡಿಯುವ ಭಾಗ್ಯ, ಅರ್ಧ ರಾಜ್ಯ. ತಪ್ಪಿದವನ ತಲೆ ಕೋಟೆಬಾಗಿಲಿಗೆ!"

ಡಂಗುರದವನು ಕಡಲಂಚಿನ ಉಪ್ಪಿನಗದ್ದೆಯವರೆಗೂ ಬಂದು ಸಾರಿದ. ಉಪ್ಪು ಬಾಚುತ್ತಿದ್ದ ಬೀರ ತಲೆಯೆತ್ತಿದ. ಅವನ ಹೆಂಡತಿ ಸೋಮಿ ತೀರಿಹೋಗಿ ಮೂರು ತಿಂಗಳೂ ಆಗಿರಲಿಲ್ಲ.

"ದೊರೆಮಗಳಿಗೆ ಏನಾಗ್ಯದೆ ಅಣ್ಣಾ?"

"ಉಣ್ತಾಳೆ, ಬಲವಿಲ್ಲ. ಕೈ ಸೆಟೀತದೆ, ಎದೆ ಹಾರ್ತದೆ. ಆ ಸಂಕಟಾನೇ ಒಗಟಾಗಿ ಕಟ್ಟಿದಾಳೆ. ಸುಳ್ಳು ಮದ್ದಿನವರನ್ನ ಕಂಡು ಕಂಡು ದೊರೆಗೆ ರೋಸಿಹೋಗಿ, ತಲೆಯ ಪಣ ಇಟ್ಟವ್ನೆ."

ಸೋಮಿಗೂ ಹಾಗೇ ಆಗಿತ್ತು. ಬೀರ ಒಂದು ಸೋರೆಬುರುಡೆಯಲ್ಲಿ ಗದ್ದೆಯ ನೀರು ತುಂಬಿಕೊಂಡು ಹೊರಟೇಬಿಟ್ಟ.

ಅರಮನೆಯಲ್ಲಿ ಪದ್ಮಲೆ ಮಲಗಿದಲ್ಲಿಂದಲೇ ಕೇಳುತ್ತಿದ್ದಳು: "ಕಣಜದ ತುಂಬ ಅಕ್ಕಿ, ಒಲೆಯ ತುಂಬ ಬೆಂಕಿ, ಆದರೂ ಮನೆಮಂದಿಗೆಲ್ಲ ಉಪವಾಸ. ಯಾವ ಮನೆ?"

"ಜಿಪುಣನ ಮನೆ!" ಅಂತ ಒಬ್ಬ ಪಾಳೆಯಗಾರನ ಮಗ ನಕ್ಕ. ನಗು ಮುಗಿಯುವ ಮೊದಲೇ ತಲೆ ಹೋಯಿತು. "ಸಾವಿನ ಮನೆ" ಅಂದ ಪಂಡಿತನದೂ ಹೋಯಿತು.

"ನೀನ್ಯಾವ ವೈದ್ಯನಯ್ಯಾ, ಮೊಣಕಾಲಿಗೆ ಕೆಸರು ಮೆತ್ಕೊಂಡು?" ಮಂತ್ರಿ ಬೀರನನ್ನು ಕೆಣಕಿದ.

"ಉಪ್ಪು ಬಾಚೋನು, ಬುದ್ಧೀ." ಬೀರ ಹಾಸಿಗೆಯ ಕಡೆ ತಿರುಗಿದ. "ಆ ಮನೆ ನಿಮ್ಮ ಮೈಯೇ ತಾಯಿ. ಮೈಯ ಕಣಕಣದೊಳಗೂ ಸಣ್ಣ ಒಲೆಗಳುಂಟು. ಅನ್ನ ಬೆಂದದೆ, ಬಡಿಸೋ ಕೈ ಇಲ್ಲ."

ಪದ್ಮಲೆ ಕಣ್ಣು ತೆರೆದಳು. "ಬಿಗಿಯುವವನು ಬಂದ, ಸಡಿಲಿಸುವವನು ಬರಲಿಲ್ಲ. ಏನದು?"

"ಸೆಟೆದ ನಿಮ್ಮ ಕೈ. ಎಲುಬಿನ ಸುಣ್ಣವೇ ಬಿಗಿಯೋನು. ಬಿಚ್ಚೋನು ಬೇರೆ, ಬಡಿಸೋನೂ ಅವನೇ."

"ಅವನು ಯಾರು? ಅದೇ ಮೂರನೆಯದು," ಅಂದಳು ಪದ್ಮಲೆ. "ಇದಕ್ಕೆ ನನಗೂ ಉತ್ತರ ಗೊತ್ತಿಲ್ಲ."

ಬೀರ ಬುರುಡೆ ಇಳಿಸಿದ. "ಉಪ್ಪು ತೆಗೆದ ಮೇಲೆ ಗದ್ದೆಯಲ್ಲಿ ಉಳಿಯೋ ಕಹಿನೀರು. ಎಲೆಯ ಹಸಿರೊಳಗಿರೋದೂ ಇದರ ಸತ್ವವೇ. ನಾವು ಕಾಲುವೆಗೆ ಚೆಲ್ತೀವಿ. ನನ್ನ ಸೋಮಿಯನ್ನ ಮಣ್ಣು ಮಾಡಿದ ಮರುವಾರ ನಮ್ಮ ಕರುವೂ ಹಾಗೇ ನಡುಗಿ ಬಿತ್ತು. ತೆವಳಿಕೊಂಡು ಹೋಗಿ ಕಾಲುವೆ ನೆಕ್ಕಿತು, ಎದ್ದು ನಿಂತಿತು."

"ಚೆಲ್ಲೋ ನೀರು ದೊರೆಮಗಳಿಗಾ!" ಮಂತ್ರಿ ಹೌಹಾರಿದ.

"ಕೊಡು ನೋಡೋಣ," ಅಂದ ದೊರೆ, ಕತ್ತಿ ಹಿರಿದು. "ಏಳು ದಿನ. ಅವಳು ಏಳದಿದ್ದರೆ ನೀನೂ ಏಳುವುದಿಲ್ಲ."

ದಿನಾ ಗಂಜಿಗೆ ನಾಲ್ಕೇ ಹನಿ. ಏಳನೆಯ ಬೆಳಿಗ್ಗೆ ಪದ್ಮಲೆಯ ಮುಷ್ಟಿ ಒಂದೊಂದೇ ಬೆರಳಾಗಿ ಬಿಚ್ಚಿಕೊಂಡಿತು. ಎದ್ದು ಕೂತು, ಆ ಕೈಯನ್ನು ಅವನತ್ತ ಚಾಚಿದಳು.

ಬೀರ ಹಿಡಿಯಲಿಲ್ಲ.

"ಬೇಡ ತಾಯಿ. ಸೋಮಿ ನನ್ನ ಬೆರಳು ಹಿಡಿದುಕೊಂಡೇ ಸತ್ತಳು. ಆ ಮುಷ್ಟಿಯಿಂದ ಬಿಡಿಸಿಕೊಂಡವನು ನಾನೇ. ಅವಳ ಮದ್ದನ್ನ ದಿನಾ ಕಾಲುವೆಗೆ ಚೆಲ್ಲಿದವನೂ ನಾನೇ."

ದೊರೆ ಕತ್ತಿ ಕೆಳಗಿಟ್ಟ. ಅರ್ಧ ರಾಜ್ಯ ಬೇಡವೆಂದವನಿಗೆ ಉಪ್ಪಿನಗದ್ದೆಗಳನ್ನೆಲ್ಲ ಬರೆದುಕೊಟ್ಟ. ಬೀರ ಕಹಿನೀರನ್ನು ಕೇರಿಕೇರಿಗೂ ಕಳಿಸಿದ. ಅವನ ಮನೆಯಲ್ಲಿ ಮಾತ್ರ ಅದನ್ನು ಕುಡಿಯುವವರು ಯಾರೂ ಇರಲಿಲ್ಲ.

ಅವನ ಅಳು ಅವನಿಗೇ ಇರಲಿ ಮಕ್ಕಳೇ, ನೀವು ಉಂಡದ್ದು ಮೈಗೆ ಹತ್ತಲಿ.