ಇಳಿಜಾರಿನ ಶೂರ

ಬಡಗಿ ಮೋನಪ್ಪ ಮೊಮ್ಮಗಳ ಆಟದ ಕಾರಿಗೆಂದು ಮರದ ಹಲಗೆಯೊಂದನ್ನು ಇಟ್ಟಿಗೆಯ ಮೇಲೆ ಓರೆಯಾಗಿಟ್ಟು ಇಳಿಜಾರು ಮಾಡಿಕೊಟ್ಟಿದ್ದ. ಆಯುಧಪೂಜೆಯ ದಿನ ಆ ಹುಡುಗಿ ಕಾರಿಗೆ ಕುಂಕುಮವಿಟ್ಟು, ಹಲಗೆಯ ಮೇಲ್ತುದಿಯಲ್ಲಿ ನಿಲ್ಲಿಸಿ, ಚಕ್ರದ ಮುಂದೆ ನಿಂಬೆಹಣ್ಣಿಟ್ಟಳು.

“ಎಲೈ ಹಲಗೆ, ಬೆನ್ನು ಗಟ್ಟಿ ಮಾಡಿಕೋ,” ಎಂದಿತು ಕಾರು. “ಈ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿಯೇ ಇಳಿಯುತ್ತೇನೆ.”

ಹುಡುಗಿ ಕೈಬಿಟ್ಟಳು. ಕಾರು ತಗುಲಿದ್ದೇ ತಡ, ನಿಂಬೆಹಣ್ಣು ಉರುಳಿಕೊಂಡು ಹೋಗಿ ಕಾರಿಗಿಂತ ಮೊದಲು ನೆಲ ಮುಟ್ಟಿತು.

“ನೋಡಿದೆಯಾ, ನನಗೆ ಹೆದರಿ ಹೇಗೆ ಓಡಿತು!” ಎಂದಿತು ಕಾರು.

“ನೋಡಿದೆ ಸ್ವಾಮಿ. ಇಳಿಯುವುದಕ್ಕೆ ಚಕ್ರವೂ ಬೇಡವೆಂದು ತಿಳಿಯಿತು,” ಎಂದಿತು ಹಲಗೆ. “ಈಗ ತಾವು ಹತ್ತಿ ಬನ್ನಿ.”

“ಛೆ, ಪೂಜೆಯ ದಿನ ವಾಹನ ದುಡಿಯಬಾರದು,” ಎಂದ ಕಾರು, ಮೇಲೆತ್ತುವ ಕೈಗಾಗಿ ಕಾಯುತ್ತ ನಿಂತಿತು.