ನಾನೂರು ದಿನದ ವರ್ಷ

“ಕೇಳ್ರಪ್ಪೋ ಕೇಳ್ರಿ! ಕೋಟೆಬೆಟ್ಟದಲ್ಲಿ ಸಿಕ್ಕ ಹೂವಿನಂಥ ಕಲ್ಲಿನ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ! ತಪ್ಪಿದವರಿಗೆ ಸುಣ್ಣದ ಗುಂಡಿ!” ಎಂದು ಚಂಡಪ್ರತಾಪ ರಾಜ ಡಂಗುರ ಹೊಡೆಸಿದ.

ಆ ಗುಂಡಿಯ ಉಸ್ತುವಾರಿ ಸುಣ್ಣ ಸುಡುವ ದುಗ್ಗನದು. ಸುಟ್ಟ ಕಲ್ಲಿಗೆ ಅವನು ನೀರು ಹೊಯ್ದರೆ ಸಾಕು, ಗುಂಡಿ ಕೊತಕೊತ ಕುದಿಯುತ್ತಿತ್ತು. ಅಂದು ಸಭೆ ಗುಂಡಿಯ ಪಕ್ಕದಲ್ಲೇ ಸೇರಿತ್ತು; ದುಗ್ಗ ಕೊಡ ಹಿಡಿದು ನಿಂತಿದ್ದ.

“ಬೆಟ್ಟದ ನೆತ್ತಿಯ ಈ ಹೂವು ಅರಳಿದ್ದು ಯಾವ ತೋಟದಲ್ಲಿ?” ರಾಜ ಕೇಳಿದ.

“ದೇವಲೋಕದ ತೋಟದಲ್ಲಿ!” ಅಂದ ಮೀಸೆಯ ಮಾಂಡಲಿಕ. ಅವನನ್ನು ಕಟ್ಟಿ ಗುಂಡಿಯಂಚಿಗೆ ತಂದರು.

“ಎರಡನೆಯದು: ಇದರ ಮೈಯಲ್ಲಿ ಒಂದು ವರ್ಷಕ್ಕೆ ನಾನೂರು ದಿನದ ಗೆರೆಗಳಿವೆ. ಸುಳ್ಳು ಯಾರದು, ಕಲ್ಲಿನದೋ ಪಂಚಾಂಗದ್ದೋ?”

“ಕಲ್ಲಿನದೇ! ನನ್ನ ಪಂಚಾಂಗ ತಪ್ಪುವುದುಂಟೇ?” ಅಂದ ಆಸ್ಥಾನದ ಜೋಯಿಸ. ಅವನನ್ನೂ ಎಳೆತಂದರು.

“ಅಯ್ಯೋ, ಎರಡೂ ಸುಳ್ಳಲ್ಲ!” ದುಗ್ಗನ ಬಾಯಿಂದ ಜಾರಿಯೇಬಿಟ್ಟಿತು.

 ರಾಜ ಅವನತ್ತ ತಿರುಗಿದ. “ಹಾಗಾದರೆ ಮೂರಕ್ಕೂ ನೀನೇ ಹೇಳು. ತಪ್ಪಿದರೆ ಮೂವರೂ ಗುಂಡಿಗೆ.”

ದುಗ್ಗನ ಮೊಣಕಾಲುಗಳು ಒಂದಕ್ಕೊಂದು ಮಾತಾಡಿಕೊಳ್ಳತೊಡಗಿದವು. ಮಾಂಡಲಿಕ ಪಿಸುಗುಟ್ಟಿದ: “ಸರಿಯಾಗಿ ಹೇಳೋ ಮಾರಾಯ, ನನ್ನ ಮೀಸೆ ಆಗಲೇ ಬಿಸಿಯಾಗಿದೆ!”

ದುಗ್ಗ ಸೊಂಟದಿಂದ ನಿಂಬೆಹಣ್ಣು ತೆಗೆದು ಕಲ್ಲಿನ ಮೇಲೆ ಹಿಂಡಿದ. ಸುಡುವ ಮುಂಚೆ ಸುಣ್ಣದವರು ಹೀಗೇ ಪರೀಕ್ಷೆ ಮಾಡುವುದು. ಕಲ್ಲು ಬುಸುಬುಸು ನೊರೆ ಉಕ್ಕಿಸಿತು.

“ಕಡಲ ಚಿಪ್ಪೂ ಹಿಂಗೇ ನೊರೆ ಉಕ್ಕಿಸುತ್ತೆ, ಬುದ್ಧೀ. ಇದು ಹೂವಲ್ಲ, ಹವಳದ ಹುಳ ಕಟ್ಟಿದ ಮನೆ. ಈ ಬೆಟ್ಟ ಒಂದು ಕಾಲಕ್ಕೆ ಕಡಲಾಗಿತ್ತು. ಆ ಹುಳ ದಿನಕ್ಕೊಂದು ಗೆರೆ ಸುಣ್ಣ ಬಳಿಯುತ್ತೆ. ವರ್ಷ ಈಗಿನಷ್ಟೇ ಉದ್ದ, ಆದರೆ ಆಗ ಹೊತ್ತು ಬೇಗ ಹುಟ್ಟಿ ಬೇಗ ಮುಳುಗಿ ದಿನಗಳೇ ಗಿಡ್ಡ, ಅದಕ್ಕೇ ವರ್ಷಕ್ಕೆ ನಾನೂರು ಹಿಡಿಸ್ತಿದ್ದವು.”

ರಾಜನ ಹುಬ್ಬು ಗಂಟಾಯಿತು. “ಇನ್ನು ಮೂರನೆಯದು. ಬೆಟ್ಟದ ಕೆಳಗಿನ ಪದರದ ಮನೆಗಳ ಒಳಗೋಡೆಗಳು ನಾಲ್ಕು, ಎಂಟು ಹೀಗೆ ನಾಲ್ಕರ ಲೆಕ್ಕದಲ್ಲಿವೆ. ನಡುವಿನ ಪದರ ಖಾಲಿ. ಮೇಲಿನವು ಆರರ ಲೆಕ್ಕದವು. ನಾಲ್ಕರವರ ಮಕ್ಕಳು ಆರರವರಾಗುವ ತನಕ ನಡುವೆ ಎಲ್ಲಿ ಅಡಗಿದ್ದರು?”

ದುಗ್ಗನಿಗೆ ಕಡಲತೀರಕ್ಕೆ ಚಿಪ್ಪು ಆರಿಸಲು ಹೋದಾಗ ಬಂಡೆಯ ಸಂದಿಯಲ್ಲಿ ಕಂಡ ಜೀವ ನೆನಪಾಯಿತು: ಹವಳದ ಹುಳದ್ದೇ ರೂಪ, ಆದರೆ ಮನೆಯಿಲ್ಲದ ಮೆತ್ತನೆ ಮೈ.

“ಮಕ್ಕಳೇ ಅಲ್ಲ, ಬುದ್ಧೀ. ನಾಲ್ಕರವರ ವಂಶ ನಿರ್ವಂಶ ಆಯ್ತು. ಆರರವರ ಹಿರೀಕರು ಮನೆಯಿಲ್ಲದವರು, ಬರೀ ಮೈಯವರು. ಎಲ್ಲೂ ಅಡಗಿರಲಿಲ್ಲ, ಅಲ್ಲೇ ಇದ್ರು. ಮನೆಯಿಲ್ಲದವನು ಸತ್ತರೆ ಕಲ್ಲಲ್ಲಿ ಏನು ಉಳಿಯುತ್ತೆ? ನಮ್ಮಪ್ಪನ ಹೆಸರಿಗೂ ಒಂದು ಕಲ್ಲಿಲ್ಲ. ಹಂಗಂತ ಅವನು ಇರಲೇ ಇಲ್ಲ ಅನ್ನೋಕಾಗುತ್ತಾ?”

ರಾಜ ಆ ಕಲ್ಲನ್ನೆತ್ತಿ ದುಗ್ಗನ ಕೈಗಿಟ್ಟ.

“ಅರ್ಧ ರಾಜ್ಯ ನಿನ್ನದು,” ಅಂದ. “ಯಾವ ಅರ್ಧ ಬೇಕು?”

“ಈ ಗುಂಡಿ ಇರೋ ಅರ್ಧ.”

ದುಗ್ಗ ಮೊದಲು ಇಬ್ಬರ ಕಟ್ಟು ಬಿಚ್ಚಿಸಿದ. ಗುಂಡಿ ತಣ್ಣಗಾದ ಮೇಲೆ ಮಾಂಡಲಿಕನೂ ಜೋಯಿಸನೂ ಕುಂಚ ಹಿಡಿದು ಅವನ ಗುಡಿಸಲಿಗೆ ಸುಣ್ಣ ಬಳಿದರು, ದಿನಕ್ಕೊಂದು ಪದರ. ದುಗ್ಗನ ಮೊಣಕಾಲಿನ ಮಾತು ನಿಂತದ್ದು ಮಾತ್ರ ಏಳನೇ ಪದರಕ್ಕೆ.